ಮಿದುಳಿನ ಧಮನಿಯ ಉಬ್ಬು: ಶಸ್ತ್ರಕ್ರಿಯೆಯ ಅನಂತರ ವಿಶ್ರಾಂತಿ ಎಷ್ಟು ದಿನ?

ಹಳೆಯ ಸೈಕಲ್ ಟ್ಯೂಬಿಗೆ ಗಾಳಿ ತುಂಬುವಾಗ ಅದು ಒಂದು ಕಡೆ ಗುಳ್ಳೆಯಂತೆ ಉಬ್ಬುವುದನ್ನು ನೀವು ನೋಡಿರಬಹುದು. ರಬ್ಬರು ಎಲ್ಲಿ ಸವೆದಿದೆಯೋ ಅಲ್ಲಿಯೇ ಆ ಉಬ್ಬು ಏಳುತ್ತದೆ. ನಮ್ಮ ಮಿದುಳಿಗೆ ರಕ್ತವನ್ನೊಯ್ಯುವ ಧಮನಿಗಳಲ್ಲಿಯೂ ಇಂತಹ ಉಬ್ಬು ಕಾಣಿಸಿಕೊಳ್ಳುವುದುಂಟು. ವೈದ್ಯರು ಇದನ್ನು ಆನ್ಯೂರಿಸಂ ಎಂದು ಕರೆಯುತ್ತಾರೆ.

ಮಿದುಳಿನ ತಳದಲ್ಲಿ ಧಮನಿಗಳು ಒಂದಕ್ಕೊಂದು ಕೂಡಿಕೊಂಡು ಬಳೆಯಂತಹ ಒಂದು ವೃತ್ತವಾಗಿವೆ. 1664ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸನ ಹೆಸರೇ ಇದಕ್ಕೆ ನಿಂತಿದೆ. ಧಮನಿಗಳು ಕವಲೊಡೆಯುವ ಎಡೆಗಳಲ್ಲಿ ರಕ್ತಪ್ರವಾಹದ ಹೊಡೆತ ಹೆಚ್ಚು. ಉಬ್ಬುಗಳು ಸಾಮಾನ್ಯವಾಗಿ ಹುಟ್ಟುವುದೂ ಅಲ್ಲಿಯೇ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯ ಮಿದುಳಿನಲ್ಲಿ ಇಂತಹ ಉಬ್ಬು ಇದೆಯೆಂದು ಎಣಿಕೆ. ಅವರಲ್ಲಿ ಬಹುಮಂದಿಗೆ ಜೀವಮಾನವೆಲ್ಲ ಅದರ ಅರಿವೇ ಆಗದು. ಆದರೆ ಅದು ಒಡೆದರೆ ರಕ್ತವು ಮಿದುಳನ್ನು ಸುತ್ತುವರಿದ ದ್ರವದೊಳಕ್ಕೆ ನುಗ್ಗುತ್ತದೆ. ಹಿಂದೆಂದೂ ಕಂಡಿರದ ತಲೆನೋವು ಸಿಡಿಲಿನಂತೆ ಬಂದೆರಗುತ್ತದೆ. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಚಿಕಿತ್ಸೆಯ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದು, ತಲೆಬುರುಡೆಯನ್ನು ತೆರೆದು ಉಬ್ಬಿನ ಕೊರಳಿಗೆ ಲೋಹದ ಪುಟ್ಟ ಚಿಮಟಿಯನ್ನು ಹಾಕುವುದು. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯನು 1937ರಲ್ಲಿ ಬೆಳ್ಳಿಯ ಚಿಮಟಿಯಿಂದ ಇದನ್ನು ಸಾಧಿಸಿದನು. ಎರಡನೆಯದರಲ್ಲಿ ಬುರುಡೆಯನ್ನು ತೆರೆಯುವುದಿಲ್ಲ. ತೊಡೆಯ ಅಥವಾ ಕೈಯ ಧಮನಿಯೊಳಗಿನಿಂದ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ತೂರಿಸಿ, ಉಬ್ಬಿನೊಳಗೆ ಪ್ಲಾಟಿನಮ್ಮಿನ ಎಳೆಯನ್ನು ಸುರುಳಿ ಸುರುಳಿಯಾಗಿ ತುಂಬುತ್ತಾರೆ. ಇಟಲಿಯ ಗೂಲಿಯೆಲ್ಮಿ ಎಂಬ ವೈದ್ಯನು ರೂಪಿಸಿದ ಈ ಸುರುಳಿಯನ್ನು ಮೊದಲು ಬಳಸಿದುದು 1990ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಎರಡು ವಿಧಾನಗಳೂ ಬಳಕೆಯಲ್ಲಿವೆ.

ರೋಗಿಯು ಮನೆಗೆ ಬಂದನು. ಕೆಲಸಕ್ಕೆ ಹೋಗುವುದು ಎಂದಿನಿಂದ? ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಮೂರು ಸಂಗತಿಗಳನ್ನು ಕೂಡಿಸಿ ನೋಡಬೇಕು: ಉಬ್ಬು ಒಡೆದಿತ್ತೆ, ಇಲ್ಲವೆ? ಚಿಕಿತ್ಸೆ ಯಾವ ವಿಧಾನದ್ದು? ಮಾಡಬೇಕಾದ ಕೆಲಸವೆಂತಹುದು?

ಉಬ್ಬು ಒಡೆಯುವ ಮೊದಲೇ ಸುರುಳಿ ತುಂಬಿದ್ದರೆ ಅನೇಕರು ಒಂದೆರಡು ವಾರಗಳಲ್ಲಿ ಕೆಲಸಕ್ಕೆ ಮರಳುವರು. ಬುರುಡೆಯನ್ನು ತೆರೆದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳು ಬೇಕು. ಉಬ್ಬು ಒಡೆದಿದ್ದರೆ ಲೆಕ್ಕವೇ ಬೇರೆ. ರಕ್ತಸ್ರಾವವಾದ ನಾಲ್ಕನೆಯ ದಿನದಿಂದ ಸುಮಾರು ಹದಿನಾಲ್ಕನೆಯ ದಿನದವರೆಗೆ ಮಿದುಳಿನ ಧಮನಿಗಳು ಸೆಟೆದು ಕಿರಿದಾಗುವ ಭಯವುಂಟು. ಅದರ ಕೆಡುಕನ್ನು ತಗ್ಗಿಸಲು ನಿಮೋಡಿಪಿನ್ ಎಂಬ ಔಷಧವನ್ನು 21 ದಿನ ಕೊಡುತ್ತಾರೆ. ಹೀಗೆ ಮೊದಲ ಎರಡು ಮೂರು ವಾರಗಳು ಬಹುಮಟ್ಟಿಗೆ ಆಸ್ಪತ್ರೆಯಲ್ಲಿಯೇ ಕಳೆಯುವುವು. ಅನಂತರದ ಚೇತರಿಕೆಗೆ ಮೂರರಿಂದ ಆರು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಹೊರಗಿನ ಗಾಯ ಹದಿನೈದು ದಿನಗಳಲ್ಲಿ ಮಾಗುವಾಗ ಇಷ್ಟು ಕಾಲವೇಕೆ? ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇಕಡ 20 ಭಾಗ ಅದಕ್ಕೇ ಸಲ್ಲಬೇಕು. ಪೆಟ್ಟು ತಿಂದ ಮಿದುಳು ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಪ್ರಯಾಸದಿಂದ ಮಾಡಬೇಕಾಗುತ್ತದೆ. ಆದುದರಿಂದಲೇ ವಿಪರೀತ ದಣಿವು, ಮರೆವು, ಗದ್ದಲವನ್ನು ಸಹಿಸಲಾಗದ ಸ್ಥಿತಿ, ನಾಲಗೆಯ ತುದಿಗೆ ಬಂದ ಮಾತು ಹೊರಡದಿರುವುದು. ಇವು ನೋಡುವವರ ಕಣ್ಣಿಗೆ ಬೀಳವು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ನಡೆಸುವವನೊಬ್ಬನು, ವಿಜಯನಗರದ ಶಾಲೆಯ ಉಪಾಧ್ಯಾಯಿನಿಯೊಬ್ಬಳು, ಬಸವೇಶ್ವರನಗರದಲ್ಲಿ ಮನೆಯಲ್ಲಿಯೇ ಕುಳಿತು ಲೆಕ್ಕ ಬರೆಯುವವನೊಬ್ಬನು, ಈ ಮೂವರಿಗೂ ಇದೇ ಚಿಕಿತ್ಸೆಯಾಯಿತೆಂದು ಇಟ್ಟುಕೊಳ್ಳಿ. ಲೆಕ್ಕ ಬರೆಯುವವನು ದಿನಕ್ಕೆ ಎರಡು ಗಂಟೆಯಂತೆ ಬೇಗನೆ ಆರಂಭಿಸಬಹುದು. ದಣಿದಾಗ ಮಲಗಲು ಅವನಿಗೆ ಅವಕಾಶವುಂಟು. ಉಪಾಧ್ಯಾಯಿನಿಯು ನಲವತ್ತು ಮಕ್ಕಳ ಗದ್ದಲವನ್ನು ತಾಳಿಕೊಳ್ಳಬೇಕು. ಲೇತ್‌ನ ಮುಂದೆ ನಿಂತವನಿಗಾದರೋ ಒಂದು ಕ್ಷಣ ಗಮನ ತಪ್ಪಿದರೆ ಬೆರಳೇ ಹೋದೀತು. ಇಂತಹ ರೋಗಿಗಳಲ್ಲಿ ಕೆಲವರಿಗೆ ಅಪಸ್ಮಾರದ ಸೆಳವು ಬರುವುದೂ ಉಂಟು. ಆದಕಾರಣ ಯಂತ್ರ ನಡೆಸುವವರೂ ವಾಹನ ಓಡಿಸುವವರೂ ವೈದ್ಯರ ಸ್ಪಷ್ಟ ಅನುಮತಿಯಿಲ್ಲದೆ ಕೆಲಸಕ್ಕೆ ಕೈಹಚ್ಚಬಾರದು.

ಆದರೆ ಬೇಗ ಮರಳಬೇಕೆಂಬ ಆತುರ ಹೆಚ್ಚಾಗಿ ಇರುವುದು ಆ ಲೇತ್ ಕೆಲಸಗಾರನಿಗೇ. ಕೂಲಿ ನಿಂತರೆ ಒಲೆ ಉರಿಯುವುದು ಹೇಗೆ? ರಾಜಾಜಿನಗರದ ದೊಡ್ಡ ಆಸ್ಪತ್ರೆಯ ಮೂಲಕ ಆ ಭಾಗದವರಿಗೆಲ್ಲ ಪರಿಚಿತವಾದ ಇ.ಎಸ್.ಐ. ವಿಮಾ ಯೋಜನೆಯಲ್ಲಿ, ನಿಯಮದಂತೆ ವಂತಿಗೆ ಸಂದಿರುವ ಕಾರ್ಮಿಕನಿಗೆ ಕಾಯಿಲೆಯ ಕಾಲದಲ್ಲಿ ಕೂಲಿಯ ಶೇಕಡ 70 ಭಾಗ ದೊರೆಯುತ್ತದೆ. ಅದು ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅರ್ಧಾಂಗವಾಯುವಿನಂತಹ, ಪಟ್ಟಿಯಲ್ಲಿ ಹೆಸರಿಸಿದ ದೀರ್ಘಕಾಲದ ರೋಗಗಳಿಗೆ ಶೇಕಡ 80ರಂತೆ ಎರಡು ವರ್ಷಗಳವರೆಗೆ ನೆರವು ಮುಂದುವರಿಯಬಹುದು. ಆದರೆ ಬರಿಯ ದಣಿವಿಗೆ, ಬರಿಯ ಮರೆವಿಗೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಮಿದುಳು ಆರು ತಿಂಗಳು ಕೇಳುತ್ತದೆ, ಲೆಕ್ಕದ ಪುಸ್ತಕ ಮೂರು ತಿಂಗಳಿಗೆ ಮುಗಿಯುತ್ತದೆ. ಕಷ್ಟವಿರುವುದು ಈ ಅಂತರದಲ್ಲಿಯೇ.

ಹಾಗಾದರೆ ತೀರ್ಮಾನಿಸುವ ಬಗೆ ಹೇಗೆ? ಕೆಲಸಕ್ಕೆ ಮರಳುವ ಮೊದಲೇ ಅದರ ಅಭ್ಯಾಸ ಮಾಡಿ ನೋಡುವುದು ಒಳ್ಳೆಯದು. ಕೆಲಸದ ದಿನದಂತೆಯೇ ಎದ್ದು, ಜೊತೆಗೊಬ್ಬರನ್ನು ಕರೆದುಕೊಂಡು ಕೆಂಗೇರಿಯಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೊದಲ್ಲಿ ಹೋಗಿ ಬರುವುದು. ಒಂದೆರಡು ಗಂಟೆ ಓದುವುದು, ಬರೆಯುವುದು. ಗಮನಿಸಬೇಕಾದುದು ಆ ದಿನದ ಉತ್ಸಾಹವನ್ನಲ್ಲ, ಮರುದಿನದ ದಣಿವನ್ನು. ಮರುದಿನ ಹಾಸಿಗೆ ಹಿಡಿಯುವಂತಾದರೆ ಕಾಲವಿನ್ನೂ ಕೂಡಿಬಂದಿಲ್ಲ. ನೆನಪು ಮತ್ತು ಗಮನಗಳನ್ನು ಅಳೆಯುವ ಮನೋವೈಜ್ಞಾನಿಕ ಪರೀಕ್ಷೆಗಳೂ ಉಂಟು; ಅವುಗಳ ಫಲಿತಾಂಶ ಕೈಯಲ್ಲಿದ್ದರೆ ಮಾಲೀಕರಿಗೆ ತಿಳಿಯಹೇಳುವುದು ಸುಲಭ. ಮೊದಲು ಅರ್ಧ ದಿನ, ಸಾಧ್ಯವಾದರೆ ಹಗುರವಾದ ಬೇರೆ ಕೆಲಸ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಕೆ: ಇದೇ ಕ್ರಮ. ಜೊತೆಗೆ ರಕ್ತದೊತ್ತಡವನ್ನು ಹತೋಟಿಯಲ್ಲಿಡಬೇಕು. ತಂಬಾಕನ್ನು ಸಂಪೂರ್ಣವಾಗಿ ಬಿಡಬೇಕು.

ಕಾಲು ಮುರಿದವನ ಕಟ್ಟನ್ನು ಎಲ್ಲರೂ ಕಾಣುವರು. ಅವನಿಗೆ ಕೂರಲು ಸ್ಥಳ ಬಿಡುವರು. ಮಿದುಳಿನ ಗಾಯಕ್ಕೆ ಅಂತಹ ಕಟ್ಟಿಲ್ಲ. ಕೂದಲು ಮತ್ತೆ ಬೆಳೆದು ಹೊಲಿಗೆಯ ಗುರುತು ಮುಚ್ಚಿಹೋದ ಮೇಲೆ, 'ಇವನಿಗೇನಾಗಿದೆ?' ಎಂದು ಜೊತೆಯವರು ಕೇಳುವುದು ಸಹಜ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹವರಿದ್ದರೆ ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆ, ಇದನ್ನು ಓದಿ ತಿಳಿದುಕೊಂಡ ನಿಮ್ಮದು.