ಕೋಡಿ, ಕೂಗು ಮತ್ತು ಕಾಲುವೆಯ ಗೇಟು

ಸುರಪುರದ ಚಹಾದಂಗಡಿಯೊಂದರಲ್ಲಿ ಪರಿಚಯದ ರೈತರೊಬ್ಬರು ಕೇಳಿದ ಪ್ರಶ್ನೆ ಇದು: "ಕೆನಾಲ್ ಗೇಟಿಗಿ ಕಂಪ್ಯೂಟರ್ ಕುಂದ್ರಿಸ್ಯಾರಲ್ರಿ. ತಾನೇ ಏರ್ತದ, ತಾನೇ ಇಳೀತದ ಅಂತಾರ. ಖರೆ, ನಮ್ಮ ಹೊಲ ಒಣಗ್ಲಿಕತ್ತದ ಅಂತ ಅದಕ್ಕ ಹ್ಯಾಂಗ ತಿಳಿತದ?"

ಅವರ ಹೊಲ ಇರುವುದು ನಾರಾಯಣಪುರ ಎಡದಂಡೆ ಕಾಲುವೆಯ ವಿತರಣಾ ನಾಲೆಯೊಂದರ ಟೇಲ್‌ಎಂಡಿನಲ್ಲಿ. ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿದ್ದು. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿಯವರು ಈ ಕಾಲುವೆಯ ನವೀಕರಣ ಮತ್ತು ಆಧುನೀಕರಣ ಯೋಜನೆಯನ್ನು ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿ ವೆಚ್ಚ, 10,000 ಕ್ಯೂಸೆಕ್ ಹರಿಯುವ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳು. ಅಂದಿನಿಂದ ನಮ್ಮ ಕಡೆ ಕಂಪ್ಯೂಟರ್ ಕೂರಿಸಿದ ಗೇಟಿಗೆ 'ಸ್ಕಾಡಾ ಗೇಟು' ಎಂಬ ಮಾತು ಮೆಣಸಿನಕಾಯಿ ದರದಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಗೇಟಿಗೆ ಬುದ್ಧಿ ಬಂದಿದೆ, ಇನ್ನು ನೀರಿನ ಜಗಳ ಮುಗಿಯಿತು ಎಂಬ ಮಾತೂ ಜೊತೆಗೇ ಬರುತ್ತದೆ. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದನ್ನು ನಾನು ನಂಬುವುದಿಲ್ಲ. ಯಾಕೆಂದು ಹೇಳಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು.

ಕನ್ನಡದಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು 'ಸ್ವಯಂಚಾಲಿತ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹೊಲದ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ನೋಡಿ. ರಾತ್ರಿ ಎರಡಕ್ಕೆ ತ್ರೀಫೇಸ್ ಕರೆಂಟು ಬಂದರೆ ಮೋಟರು ತಾನೇ ಶುರುವಾಗುತ್ತದೆ. ಹಿಂದಿನ ಸಂಜೆಯಷ್ಟೇ ಮಳೆ ಹೊಡೆದು ಹೊಲ ಕೆಸರಾಗಿದ್ದರೂ ಅದಕ್ಕೆ ಸಂಬಂಧವಿಲ್ಲ, ಶುರುವಾಗುತ್ತದೆ. ಈಗ ಮನೆ ಮಾಳಿಗೆಯ ಟಾಕಿಯೊಳಗಿನ ಬಾಲ್‌ಕಾಕ್ ನೋಡಿ. ನೀರು ಏರಿದಂತೆ ಚೆಂಡು ಏರುತ್ತದೆ, ಚೆಂಡು ಏರಿದಂತೆ ನಳ ಬಿಗಿಯುತ್ತದೆ. ಮೊದಲನೆಯದು ತಾನೇ ಓಡುತ್ತದೆ, ಎರಡನೆಯದು ತನ್ನ ಕೆಲಸದ ಫಲವನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ. ಎಂಜಿನಿಯರುಗಳ ಭಾಷೆಯಲ್ಲಿ ಒಂದು ಓಪನ್ ಲೂಪ್, ಇನ್ನೊಂದು ಕ್ಲೋಸ್ಡ್ ಲೂಪ್. ಫಲದ ಸುದ್ದಿ ಹಿಂತಿರುಗಿ ಕೈಗೆ ಮುಟ್ಟುವುದೇ ಫೀಡ್‌ಬ್ಯಾಕ್, ಹಿಮ್ಮಾಹಿತಿ. ನಿಯಂತ್ರಣ ವಿಜ್ಞಾನವೆಲ್ಲ ಈ ಒಂದು ಸುದ್ದಿಯ ಸುತ್ತ ತಿರುಗುತ್ತದೆ.

ಈ ಕಣ್ಣಿನಿಂದ ನೋಡಿದರೆ ನಮ್ಮ ಕಾಲುವೆಯ ಹಳೆಯ ಪದ್ಧತಿ ಆಟೋ ಸ್ಟಾರ್ಟರಿನ ಜಾತಿಗೆ ಸೇರಿದ್ದು. ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದೆ, ಜಲಾಶಯದಲ್ಲಿರುವ ನೀರಿನ ಲೆಕ್ಕ ನೋಡುತ್ತದೆ, ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಎಂದು ವಾರಾಬಂದಿ ಸಾರುತ್ತದೆ. ಚಾಲೂ ದಿನ ಬಂದರೆ ಗೇಟು ತೆರೆಯಬೇಕು, ಬಂದ್ ದಿನ ಬಂದರೆ ಮುಚ್ಚಬೇಕು. ಕೊನೆಯ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಕ್ಯಾಲೆಂಡರಿಗೆ ಗೊತ್ತಿಲ್ಲ. ಮುಟ್ಟದಿದ್ದರೆ ಸುದ್ದಿ ವಾಪಸು ಬರುತ್ತದೆ ನಿಜ, ಆದರೆ ಅದು ರಸ್ತೆತಡೆಯ ರೂಪದಲ್ಲಿ ಬರುತ್ತದೆ.

ಹಾಗೆಂದು ಸ್ವಯಂನಿಯಂತ್ರಣ ಈ ಸೀಮೆಗೆ ಈಗ ಬಂದಿಳಿದ ಹೊಸ ವಿದ್ಯೆಯಲ್ಲ. ಸುರಪುರದಿಂದ ಅಷ್ಟೇನೂ ದೂರವಿಲ್ಲದ ಬೋನಾಳ ಕೆರೆಗೆ ಹೋಗಿ. ಈಗ ಅದು ಪಕ್ಷಿಧಾಮ. ಸುರಪುರದ ಅರಸ ಪಾಮನಾಯಕನ ಕಾಲದ ಕೆರೆ; ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ 19ನೇ ಶತಮಾನದಲ್ಲಿ ಅದನ್ನು ಸುಧಾರಿಸಿದ. ಹಕ್ಕಿ ನೋಡಲು ಹೋದವರು ಎಂದಾದರೂ ಅಲ್ಲಿಯ ಕೋಡಿಯನ್ನೂ ನೋಡಬೇಕು. ಕೆರೆಯ ಕೋಡಿಯಲ್ಲಿ ಅಲುಗಾಡುವ ಒಂದು ಭಾಗವೂ ಇಲ್ಲ, ಆದರೂ ಅದು ಅಪ್ಪಟ ನಿಯಂತ್ರಕ. ನೀರು ಕೋಡಿಯ ಮಟ್ಟ ದಾಟಿತೋ, ಹೊರಹರಿವು ಶುರು. ಇನ್ನೂ ಏರಿತೋ, ಹೊರಹರಿವು ಇನ್ನೂ ಜೋರು. ಇಳಿಯಿತೋ, ತಾನೇ ನಿಂತಿತು. ತಪ್ಪು ಹೆಚ್ಚಾದಷ್ಟೂ ತಿದ್ದುವ ಕೈ ಜೋರಾಗುತ್ತದೆ.

ಎಷ್ಟು ಜೋರು? ಕೋಡಿಯ ಮೇಲಿನ ನೀರಿನ ಎತ್ತರ ಒಂದು ಅಡಿಯಿಂದ ಎರಡು ಅಡಿಗೆ ಏರಿದರೆ ಹರಿವು ಎರಡು ಪಟ್ಟಲ್ಲ, ಸುಮಾರು 2.8 ಪಟ್ಟು. ನಾಲ್ಕು ಅಡಿಗೆ ಏರಿದರೆ 8 ಪಟ್ಟು. ಒಳಹರಿವು ಅಷ್ಟೇ ಇದ್ದು ಕೋಡಿಯನ್ನು ಎರಡು ಪಟ್ಟು ಅಗಲ ಮಾಡಿದರೆ ಮೇಲಿನ ನೀರಿನ ಎತ್ತರ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ತಗ್ಗುತ್ತದೆ. ಕೆರೆ ಕಟ್ಟಿಸಿದ ಅರಸನ ಒಡ್ಡರು ಸೂತ್ರ ಬರೆದಿರಲಾರರು. ಆದರೆ ಅಗಲ ಕೋಡಿ ಏರಿಯನ್ನು ಕಾಯುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು.

ಕೋಡಿಗೊಂದು ಕೊರತೆಯೂ ಉಂಟು. ಮಳೆ ಸುರಿಯುತ್ತಿರುವಷ್ಟು ಹೊತ್ತು ನೀರು ಕೋಡಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆಯೇ ನಿಂತಿರುತ್ತದೆ. ಏಕೆಂದರೆ ತಪ್ಪು ಇದ್ದರಷ್ಟೇ ಅದು ತಿದ್ದುತ್ತದೆ. ತಪ್ಪಿಗೆ ತಕ್ಕಷ್ಟು ತಿದ್ದುವ ಎಲ್ಲ ಯಂತ್ರಗಳಿಗೂ ಈ ಶಾಪವಿದೆ.

ಇತಿಹಾಸದ ಕಡೆ ಒಂದು ಸುತ್ತು ಹೋಗಿ ಬರೋಣ, ನನಗೆ ಪ್ರೀತಿಯ ಭಾಗ ಅದು. ಬಾಲ್‌ಕಾಕ್‌ನ ಮುತ್ತಜ್ಜ ಕ್ರಿಸ್ತಪೂರ್ವ 3ನೇ ಶತಮಾನದ ಅಲೆಕ್ಸಾಂಡ್ರಿಯಾದವನು. ಕ್ಟೆಸಿಬಿಯಸ್ ಎಂಬ ಕ್ಷೌರಿಕನ ಮಗ ನೀರಿನ ಗಡಿಯಾರಕ್ಕೆ ತೇಲುಬಿರಡೆ ಜೋಡಿಸಿ, ಹನಿಯ ವೇಗ ಬದಲಾಗದಂತೆ ನೋಡಿಕೊಂಡ. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರದ ಮೇಲೆ ಎರಡು ಗುಂಡು ತಿರುಗಿಸಿ, ವೇಗ ಹೆಚ್ಚಿದರೆ ಉಗಿ ತಾನೇ ತಗ್ಗುವಂತೆ ಮಾಡಿದ. ನಮ್ಮ ಪಾಲೂ ಇದೆ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಎಂ. ವಿಶ್ವೇಶ್ವರಯ್ಯನವರು ಕೂರಿಸಿದ ಗೇಟುಗಳಿಗೆ ಕರೆಂಟೂ ಇರಲಿಲ್ಲ, ಕಾವಲುಗಾರನೂ ಬೇಕಿರಲಿಲ್ಲ. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಬಾಗಿಲು ತೆರೆಯುತ್ತಿತ್ತು, ಇಳಿದರೆ ಮುಚ್ಚುತ್ತಿತ್ತು. ಆಮೇಲೆ ಗ್ವಾಲಿಯರ್‌ನ ಟಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಅದೇ ಬಗೆಯ ಗೇಟುಗಳು ಬಂದವು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಇದಕ್ಕೆ ಗೇಟೂ ಬೇಕಿಲ್ಲ. ಜಲಾಶಯ ತುಂಬಿದಾಗ ಸೈಫನ್ನುಗಳು ತಾವೇ ನೀರೆಳೆದು ಹೊರಚೆಲ್ಲುತ್ತವೆ.

ವ್ಯಾಟನ ಗುಂಡುಗಳಲ್ಲೊಂದು ತೊಡಕು ಕಂಡಿತು. ಕೆಲವು ಯಂತ್ರಗಳು ವೇಗ ಹಿಡಿದು ನಿಲ್ಲುತ್ತಿರಲಿಲ್ಲ. ಒಮ್ಮೆ ಅತಿ ಜೋರು, ಒಮ್ಮೆ ಅತಿ ನಿಧಾನ, ಹೀಗೇ ತೊಯ್ದಾಡುತ್ತಿದ್ದವು. ನಿಯಂತ್ರಕವನ್ನು ಇನ್ನಷ್ಟು ಚುರುಕು ಮಾಡಿದರೆ ತೊಯ್ದಾಟ ಇನ್ನಷ್ಟು ಹೆಚ್ಚು! 1868ರಲ್ಲಿ ಇದಕ್ಕೆ ಗಣಿತ ಬರೆದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ವಿದ್ಯುತ್ಕಾಂತ ಅಲೆಗಳ ಅದೇ ಮ್ಯಾಕ್ಸ್‌ವೆಲ್. ಅವನ ಲೆಕ್ಕ ಸರಳ ಯಂತ್ರಗಳಿಗಷ್ಟೇ ಸಾಕಾಯಿತು. ಎಲ್ಲಕ್ಕೂ ಅನ್ವಯಿಸುವ ನಿಯಮವನ್ನು 1877ರಲ್ಲಿ ಕೊಟ್ಟವನು ಎಡ್ವರ್ಡ್ ರೌತ್. 1854ರ ಕೇಂಬ್ರಿಜ್ ಗಣಿತ ಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್ ಎರಡನೆಯವನಾದಾಗ ಮೊದಲನೆಯವನಾಗಿದ್ದವನು ಇದೇ ರೌತ್.

ತಿದ್ದುವ ಕೈ ಚುರುಕಾದಷ್ಟೂ ಯಾಕೆ ಕೆಡುತ್ತದೆ? ಇದನ್ನು ನನಗೆ ಕಲಿಸಿದವರು ನಮ್ಮ ಮುತ್ಯಾ. ಬಾವಿಯ ನೀರಿನಲ್ಲಿ ಮೆಣಸಿನ ಗಿಡ ಬೆಳೆಯುತ್ತಿದ್ದರು. ಸಾಲಿನ ಈ ತುದಿಯಲ್ಲಿ ಸಲಿಕೆ ಹಿಡಿದು ಮುತ್ಯಾ, ಆ ತುದಿಯಲ್ಲಿ ಎಂಟು ವರ್ಷದ ನಾನು. ನೀರು ತುದಿ ಮುಟ್ಟಿದ ಕೂಡಲೇ ನಾನು ಕೂಗಬೇಕು, ಅವರು ಮಣ್ಣೆಳೆದು ಆ ಸಾಲು ಕಟ್ಟಿ ಮುಂದಿನದನ್ನು ಒಡೆಯಬೇಕು. ನಾನು ಪ್ರಾಮಾಣಿಕ. ನೀರು ಕಾಲ್ಬೆರಳಿಗೆ ತಗುಲಿದ ಮೇಲೆಯೇ "ಮುಟ್ಟಿತು ಮುತ್ಯಾ!" ಎಂದು ಕೂಗಿದೆ. ಅವರು ಕೂಡಲೇ ಕಟ್ಟಿದರು. ಆದರೂ ಸಾಲಿನೊಳಗೆ ಆಗಲೇ ಹೊರಟಿದ್ದ ನೀರು ಬಂದೇ ಬಂತು, ಬದು ಹತ್ತಿ ಪಕ್ಕದವರ ಜೋಳಕ್ಕೆ ನುಗ್ಗಿತು. ಮುಂದಿನ ಸಾಲಿಗೆ ಹೆದರಿ ಅರ್ಧಕ್ಕೇ ಕೂಗಿದೆ. ತುದಿಯ ಗಿಡಗಳು ಒಣಗಿಯೇ ಉಳಿದವು. ಮೂರನೆಯದಕ್ಕೆ ಮತ್ತೆ ತಡ. ಉಗಿಯಂತ್ರದ ತೊಯ್ದಾಟ ಎಂದರೆ ಇದೇ.

ಮುತ್ಯಾ ಬೈಯಲಿಲ್ಲ. "ಮುಟ್ಟಿದ ಮ್ಯಾಗ ಒದರಿದ್ರ ಏನ್ ಬಂತು? ದಾರ್ಯಾಗಿರೂ ನೀರ ಲೆಕ್ಕಾ ಹಿಡೀಬೇಕು ತಮ್ಮಾ. ಓಡಿ ಬರ್ಲಿಕತ್ತದೋ, ಸೋತು ಬರ್ಲಿಕತ್ತದೋ ನೋಡು" ಎಂದರು. ಹಸಿ ನೆಲದ ಸಾಲಿನಲ್ಲಿ ನೀರು ಓಡುತ್ತದೆ. ಮುಕ್ಕಾಲಿಗೆ ಬಂದಾಗಲೇ ಕೂಗಬೇಕು. ಬಿರುಕುಬಿಟ್ಟ ಕರಿನೆಲದಲ್ಲಿ ಕುಡಿಯುತ್ತಾ ಬರುತ್ತದೆ. ಇನ್ನೂ ಸ್ವಲ್ಪ ಕಾಯಬೇಕು. ನಾಲ್ಕು ದಿನದಲ್ಲಿ ಕಲಿತೆ.

1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬ ರಷ್ಯನ್ ಮೂಲದ ಎಂಜಿನಿಯರ್ ಅಮೆರಿಕದ ಯುದ್ಧನೌಕೆಗಳ ಚುಕ್ಕಾಣಿಯನ್ನು ಯಂತ್ರಕ್ಕೆ ಒಪ್ಪಿಸಲು ಹೊರಟಾಗ ಗಮನವಿಟ್ಟು ನೋಡಿದ್ದು ಅನುಭವಿ ಅಂಬಿಗರ ಕೈಯನ್ನು. ತಿಂಥಣಿಯ ಹೊಳೆಯಲ್ಲಿ ಹರಿಗೋಲು ನಡೆಸುವವರನ್ನು ನೋಡಿದ್ದರೂ ಅವನಿಗೆ ಅದೇ ಪಾಠ ಸಿಗುತ್ತಿತ್ತು. ಒಳ್ಳೆಯ ಅಂಬಿಗ ಮೂರು ಸಂಗತಿ ನೋಡುತ್ತಾನೆ. ದೋಣಿ ಈಗ ದಾರಿಯಿಂದ ಎಷ್ಟು ಸರಿದಿದೆ. ಎಷ್ಟು ಹೊತ್ತಿನಿಂದ ಒಂದೇ ಕಡೆ ಸರಿಯುತ್ತಾ ಬಂದಿದೆ. ಈಗ ಯಾವ ವೇಗದಲ್ಲಿ ತಿರುಗುತ್ತಿದೆ. ಇಂದು ಕಾರ್ಖಾನೆಗಳಲ್ಲಿ ಪಿಐಡಿ ಎಂದು ಕರೆಯುವ ನಿಯಂತ್ರಕ ಈ ಮೂರನ್ನು ಕೂಡಿಸಿದ್ದು, ಅಷ್ಟೇ. ಪಿ ಎಂದರೆ ಕೋಡಿ, ಈಗಿನ ತಪ್ಪಿಗೆ ತಕ್ಕ ತಿದ್ದುಪಡಿ. ಡಿ ಎಂದರೆ ಮುತ್ಯಾನ ಕಣ್ಣು, ಓಡಿ ಬರುತ್ತಿದೆಯೋ ಸೋತು ಬರುತ್ತಿದೆಯೋ. ಐ ಎಂದರೆ ಕಿರಾಣಿ ಅಂಗಡಿಯ ಉದ್ರಿ ಖಾತೆ. ಸಣ್ಣ ಬಾಕಿಯನ್ನೂ ದಿನದಿನ ಕೂಡಿಸುತ್ತಾ ಹೋಗುತ್ತದೆ, ಮೊತ್ತ ದೊಡ್ಡದಾದಂತೆ ತಿದ್ದುವ ಕೈಯೂ ದೊಡ್ಡದಾಗುತ್ತದೆ, ಬಾಕಿ ಸೊನ್ನೆಯಾಗುವವರೆಗೂ ಬಿಡುವುದಿಲ್ಲ. ಕೋಡಿಗಿದ್ದ ಶಾಪ ಇಲ್ಲಿ ಪರಿಹಾರವಾಗುತ್ತದೆ.

ಈಗ ಗೇಟಿಗೆ ಬರೋಣ. ಅದರ ಒಳಗಿರುವುದು ಇಷ್ಟೇ: ಗೇಟಿನ ಮುಂದೆ ನೀರಿನ ಮಟ್ಟ ಎಷ್ಟು, ಹಿಂದೆ ಎಷ್ಟು ಎಂದು ಅಳೆಯುವ ಸಂವೇದಕ, ಆ ಎರಡರಿಂದ ಮತ್ತು ಬಾಗಿಲು ಎಷ್ಟು ತೆರೆದಿದೆ ಎಂಬುದರಿಂದ ಹರಿವನ್ನು ಲೆಕ್ಕಹಾಕುವ ಸಣ್ಣ ಕಂಪ್ಯೂಟರು, ಬಾಗಿಲು ಆಡಿಸುವ ಮೋಟರು, ಅದಕ್ಕೆ ಸೌರಫಲಕ, ದೂರದ ಕಚೇರಿಗೆ ಸುದ್ದಿ ಮುಟ್ಟಿಸಲು ಆಂಟೆನಾ. ಇಷ್ಟು ನೀರು ಬಿಡು ಎಂದು ಅಂಕಿ ಕೊಟ್ಟರೆ ಅಷ್ಟೇ ಹರಿಯುವಂತೆ ಬಾಗಿಲನ್ನು ಅಷ್ಟಷ್ಟೇ ಏರಿಸಿ ಇಳಿಸಿ ನೋಡಿಕೊಳ್ಳುತ್ತದೆ. ಹಿಂದೆ ಗೇಟಿನ ತಿರುಪು ಎಷ್ಟು ಸುತ್ತು ತಿರುಗಿದೆ ಎಂಬುದೇ ಅಳತೆಯಾಗಿತ್ತು. ಕಾಲುವೆಯ ಮಟ್ಟ ಏರಿಳಿದರೆ ಅಷ್ಟೇ ಸುತ್ತಿಗೆ ಬೇರೆಯೇ ಹರಿವು. ಆ ಮಟ್ಟಿಗೆ ಇದು ದೊಡ್ಡ ಸುಧಾರಣೆ, ಅದನ್ನು ಯಾರೂ ಅಲ್ಲಗಳೆಯಬಾರದು.

ಕಷ್ಟವಿರುವುದು ಗೇಟುಗಳ ಸಾಲಿನಲ್ಲಿ. ಮುಖ್ಯ ಕಾಲುವೆ 78 ಕಿಲೋಮೀಟರ್. ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತದೆಂದು ಇಟ್ಟುಕೊಳ್ಳಿ. ಜಲಾಶಯ ಬಿಟ್ಟ ನೀರು ಆ ತುದಿ ಕಾಣಲು 21 ಗಂಟೆಗಿಂತ ಹೆಚ್ಚು ಬೇಕು. ಅಲ್ಲಿಂದಾಚೆ ಶಾಖಾ ಕಾಲುವೆ, ವಿತರಣಾ ನಾಲೆ, ಹೊಲಗಾಲುವೆ. ನನ್ನ ಮೆಣಸಿನ ಸಾಲಿನಲ್ಲಿ ಎರಡು ನಿಮಿಷವಿದ್ದ ವಿಳಂಬ ಇಲ್ಲಿ ದಿನಗಳಷ್ಟು. ಜೊತೆಗೆ ಒಂದು ಗೇಟು ದಡಕ್ಕನೆ ಮುಚ್ಚಿದರೆ ಎದ್ದ ಅಲೆ ಹಿಂದಿನ ಗೇಟಿಗೆ ಹೋಗಿ ಬಡಿಯುತ್ತದೆ; ಅದು ಗಾಬರಿಯಾಗಿ ತಾನೂ ಆಡುತ್ತದೆ. ಪ್ರತಿ ಗೇಟೂ ತನ್ನಷ್ಟಕ್ಕೆ ಜಾಣನಾಗಿದ್ದೂ ಸಾಲು ಸಾಲಾಗಿ ತೊಯ್ದಾಡಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ನಿಯಂತ್ರಣ ಶಾಸ್ತ್ರಜ್ಞರು ಕಾಲುವೆಗಳ ಹಿಂದೆ ವರ್ಷಗಟ್ಟಲೆ ಬಿದ್ದದ್ದು ಈ ಕಾರಣಕ್ಕೇ. ಅವರ ಉತ್ತರದ ತಿರುಳು ಮುತ್ಯಾನದೇ: ಕೆಳಗಿನ ಗೇಟು ತಾನು ಎಷ್ಟು ಬಿಡುತ್ತಿದ್ದೇನೆಂದು ಮೇಲಿನ ಗೇಟಿಗೆ ಮೊದಲೇ ಕೂಗಿ ಹೇಳಬೇಕು. ಮಟ್ಟ ಕುಸಿಯುವವರೆಗೆ ಕಾಯಬಾರದು.

ಇನ್ನು ನನ್ನ ಅಪನಂಬಿಕೆಯ ಭಾಗ. ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡಿ ಮಡಿಯಲ್ಲಿ ಸದಾ ನೀರು ನಿಲ್ಲಿಸಿಕೊಂಡರೆ ಕೆಳಗಿನ ಗೇಟಿನ ಮುಂದೆ ನೀರೇ ಇರುವುದಿಲ್ಲ. ಬಾಗಿಲು ಪೂರ್ತಿ ತೆರೆದಿದೆ, ಇನ್ನು ತೆರೆಯಲು ಜಾಗವಿಲ್ಲ. ಅಷ್ಟು ಹೊತ್ತೂ ಐ ಎಂಬ ಉದ್ರಿ ಖಾತೆ ಬಾಕಿ ಬರೆಯುತ್ತಲೇ ಇರುತ್ತದೆ. ಕೊನೆಗೆ ನೀರು ಬಂದಾಗ ಹಳೆಯ ಬಾಕಿಯೆಲ್ಲ ತೀರುವವರೆಗೆ ಬಾಗಿಲು ಮುಚ್ಚದೆ ಹೊಲ ಮುಳುಗಬಹುದು. ಹಾಗಾಗದಂತೆ, ಬಾಗಿಲು ಪೂರ್ತಿ ತೆರೆದಾಗ ಖಾತೆ ಬರೆಯುವುದನ್ನು ನಿಲ್ಲಿಸುವ ಉಪಾಯವನ್ನು ಎಂಜಿನಿಯರುಗಳು ಎಂದೋ ಕಂಡುಕೊಂಡಿದ್ದಾರೆ. ಅಂದರೆ ಯಂತ್ರ ಮುಳುಗಡೆ ತಪ್ಪಿಸಲು ಬಾಕಿಯನ್ನು ಮರೆಯುತ್ತದೆ. ಮರೆತದ್ದು ಯಾರ ಬಾಕಿ ಎಂದು ಹೇಳಬೇಕಿಲ್ಲವಷ್ಟೆ.

ಅದಕ್ಕಿಂತ ಮುಖ್ಯವಾದದ್ದು, ಗೇಟಿಗೆ ಕೊಡುವ ಅಂಕಿ. ಇಷ್ಟು ಬಿಡು ಎಂಬ ಆ ಗುರಿ ಯಾವ ಸಂವೇದಕದಿಂದಲೂ ಹುಟ್ಟುವುದಿಲ್ಲ. ಅದು ಸಭೆಯಲ್ಲಿ, ಕಚೇರಿಯಲ್ಲಿ, ಯಾವ ಬೆಳೆಗೆ ಎಷ್ಟು ಎಂಬ ಹಗ್ಗಜಗ್ಗಾಟದಲ್ಲಿ ಹುಟ್ಟುತ್ತದೆ. ಗುರಿ ತಪ್ಪಾಗಿದ್ದರೆ ಒಳ್ಳೆಯ ನಿಯಂತ್ರಕ ತಪ್ಪು ಗುರಿಯನ್ನೇ ಅಚ್ಚುಕಟ್ಟಾಗಿ ಮುಟ್ಟಿಸುತ್ತದೆ.

ಚಹಾದಂಗಡಿಯಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಮುತ್ಯಾನ ಕಥೆ ಹೇಳಿ, "ನಿಮ್ಮ ಹೊಲ ಒಣಗಿದ್ದು ಗೇಟಿಗೆ ತಿಳಿಯುವುದಿಲ್ಲ, ತನ್ನ ಬುಡದ ನೀರಷ್ಟೇ ಅದಕ್ಕೆ ತಿಳಿಯುತ್ತದೆ" ಎಂದೆ.

ಅವರು ಬಸಿಯಲ್ಲಿದ್ದ ಕೊನೆಯ ಗುಟುಕು ಹೀರಿ ಎದ್ದರು. "ಹಂಗಾದ್ರ ಸಾಲಿನ ತುದಿಗಿ ಹುಡುಗ ಇನ್ನಾ ಬಂದು ನಿಂತಿಲ್ಲ ಅನ್ರಿ."