ಏಳು ಸಂಖ್ಯೆಗಳ ಡಫಳಾಪುರ

ಫೋನಿನ ಬ್ರೌಸರ್ ತೆರೆದು ‘ಡಫಳಾಪುರ’ ಎಂದು ಒತ್ತಿ ನೋಡಿ! ಜತ್ತ ಸಂಸ್ಥಾನ ಆಳಿದ ಡಫಳೆ ಮನೆತನಕ್ಕೆ ಹೆಸರು ಕೊಟ್ಟ ಊರು. ಕನ್ನಡ, ಮರಾಠಿ ಎರಡೂ ಬಾಯಲ್ಲಾಡುವ ಗಡಿಸೀಮೆ. ಪರದೆಯ ಮೇಲೆ ಐದು ಅಕ್ಷರ ಮೂಡಿದವು. ಬ್ರೌಸರಿಗೆ ತಲುಪಿದ್ದು ಮಾತ್ರ ಅಕ್ಷರಗಳಲ್ಲ, ಏಳು ಸಂಖ್ಯೆಗಳು! ‘ಡ’ ಎಂದರೆ 3233. ‘ಳಾ’ದ ದೀರ್ಘಕ್ಕೊಂದು, ‘ಪು’ವಿನ ಕೊಂಬಿಗೊಂದು ಬೇರೆ ಸಂಖ್ಯೆ.

ಅದೇ ಹೆಸರನ್ನು ಮರಾಠಿಯಲ್ಲಿ ಬರೆಯಿರಿ. ಅಲ್ಲಿಯೂ ಏಳೇ! ಮರಾಠಿಯ ‘ಡ’ 2337. ಕಳೆದರೆ 896. ‘ಫ’ ಕಳೆಯಿರಿ, 896. ‘ಳ’, ‘ಪ’, ‘ರ’ ಯಾವುದನ್ನೇ ಕಳೆಯಿರಿ, ಮತ್ತೆ 896! ಮರಾಠಿಗರು ‘ಪೂ’ ಎಂದು ಎಳೆಯುತ್ತಾರಲ್ಲ, ಅಲ್ಲೊಂದೇ ಕಡೆ 895. ಭಾರತ 1988ರಲ್ಲಿ ರೂಪಿಸಿದ ‘ಇಸ್ಕಿ’ ಸಂಕೇತಪಟ್ಟಿಯ ಜೋಡಣೆಯನ್ನೇ ಈ ಸಂಖ್ಯೆಗಳನ್ನು ಹಂಚುವ ಯೂನಿಕೋಡ್ ಉಳಿಸಿಕೊಂಡಿತು. ಗಡಿಯ ಎರಡು ಲಿಪಿಗಳೂ ಹೆಜ್ಜೆಗೆ ಹೆಜ್ಜೆ ಇಟ್ಟು ನಡೆಯುತ್ತಿರುವುದು ಅದಕ್ಕೇ.

ಸರಿ, ಸಂಖ್ಯೆ ಅಕ್ಷರವಾಗುವುದು ಹೇಗೆ? ಪುಟವೇ ತನ್ನ ಫಾಂಟ್ ಹೊತ್ತು ತಂದಿರದಿದ್ದರೆ ಬ್ರೌಸರ್ ಆಪರೇಟಿಂಗ್ ಸಿಸ್ಟಮ್ಮಿನ ಮುಂದೆ ಕೈಚಾಚುತ್ತದೆ. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಕೊಡುತ್ತಿತ್ತು, ಈಗಿನ ವಿಂಡೋಸ್ ‘ನಿರ್ಮಲಾ’ ಕೊಡುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳ ಒಡಲಲ್ಲಿರುವ ‘ಹಾರ್ಫ್‌ಬಜ್’ ಎಂಬ ತಂತ್ರಾಂಶ ಆ ಫಾಂಟಿನಿಂದ ಕೊಂಬು, ದೀರ್ಘ, ಒತ್ತುಗಳನ್ನು ಆಯ್ದು ತಂತಮ್ಮ ಜಾಗದಲ್ಲಿ ಕೂರಿಸುತ್ತದೆ. ಒಂದು ‘ಪು’ವಿಗೆ ಇಬ್ಬರ ದುಡಿಮೆ!

ಸಿಸ್ಟಮ್ಮಿನ ಬಳಿಯೇ ಕನ್ನಡ ಇಲ್ಲದಿದ್ದರೆ? ಬರೀ ಡಬ್ಬಿ ಡಬ್ಬಿ. 2012ರ ಆಂಡ್ರಾಯ್ಡ್ 4.1 ಬರುವ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡದ ಗತಿ ಅದೇ ಆಗಿತ್ತು. ಆಗ ‘ಒಪೆರಾ ಮಿನಿ’ ಬ್ರೌಸರ್ ಹೂಡಿದ ಉಪಾಯವಿದೆಯಲ್ಲ, ಅದು ಈಗಲೂ ಮೈನವಿರೇಳಿಸುತ್ತದೆ. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಒತ್ತಿ ಒಂದು ಆಯ್ಕೆಯನ್ನು ‘ಯೆಸ್’ ಮಾಡಿದರೆ ಸಾಕು, ದೂರದ ಸರ್ವರ್ ಕನ್ನಡವನ್ನು ಚಿತ್ರವಾಗಿಯೇ ಬಿಡಿಸಿ ಕಳಿಸುತ್ತಿತ್ತು. ಕನ್ನಡದ ಗಂಧವಿಲ್ಲದ ಫೋನಿನಲ್ಲಿ ಕನ್ನಡ ಓದು! ಕನ್ನಡ ಗಣಕದ ಚರಿತ್ರೆ ಬರೆಯುವವರು ಇದಕ್ಕೊಂದು ಅಧ್ಯಾಯವನ್ನೇ ಕೊಡಬೇಕು.

ಸಿಸ್ಟಮ್ಮಿನ ಮುಂದೆ ಕೈಚಾಚುತ್ತಿದ್ದ ಬ್ರೌಸರೇ ಅದರ ಜಾಗದಲ್ಲಿ ಕೂತ ಇನ್ನೂ ಬೆರಗಿನ ಸಂಗತಿ ಬಂದದ್ದು 2017ರಲ್ಲಿ, 1500 ರೂಪಾಯಿ ಠೇವಣಿಯ ಜಿಯೋಫೋನ್ ರೂಪದಲ್ಲಿ. ಅದರ ಆಪರೇಟಿಂಗ್ ಸಿಸ್ಟಮ್ ‘ಕೈಓಎಸ್’ ಮೊಳೆತದ್ದು ಮೊಝಿಲ್ಲಾ 2011ರಲ್ಲಿ ಆರಂಭಿಸಿದ ಯೋಜನೆಯಿಂದ. ಫೈರ್‌ಫಾಕ್ಸ್ ಬ್ರೌಸರಿನ ಎಂಜಿನ್ ‘ಗೆಕೊ’ವೇ ಅಲ್ಲಿ ಯಜಮಾನ! ನಂಬರ್ ಒತ್ತುವ ಪರದೆ, ಹೆಸರುಗಳ ಪಟ್ಟಿ, ಅಲಾರಂ, ಎಲ್ಲವೂ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್‌ಗಳಲ್ಲೇ ಬರೆದವು. ‘ಹಲೋ’ ಎಂದವರೂ ಬ್ರೌಸರಿನೊಳಗಿಂದಲೇ ‘ಹಲೋ’ ಎಂದರು! ಹಾಗಿದ್ದೂ ಟವರಿನ ಸಂಕೇತ ಹಿಡಿಯಲು, ಆ ಪುಟ್ಟ 512 ಎಂಬಿ ಮೆಮೊರಿಯನ್ನು ಹಂಚಿಕೊಡಲು ಗೆಕೊದ ಕೆಳಗೆ ಲಿನಕ್ಸ್ ಕರ್ನೆಲ್ ಇರಲೇಬೇಕಾಯಿತು.