ರಾಡಿಯಲ್ಲಿಲ್ಲದ ಸೊಂಟನೋವು ರಸ್ತೆಯಲ್ಲೇಕೆ?

ಹಾನಗಲ್ಲ ಕಡೆ ಕೆರೆ ಕೆಳಗಿನ ಗದ್ದೆಗಳಲ್ಲಿ ನಾಟಿ ಶುರುವಾಯಿತೆಂದರೆ ನನ್ನ ಟ್ರ್ಯಾಕ್ಟರಿಗೆ ಬಿಡುವಿಲ್ಲ. ನನ್ನ ಜಮೀನು ಎರಡೂವರೆ ಎಕರೆ. ಉಳಿದ ದಿನ ಬಾಡಿಗೆ ದುಡಿಮೆ. ಹಂಗಾಮು ನೋಡಿಕೊಂಡು ಶಿಗ್ಗಾಂವ, ಹಿರೇಕೆರೂರು, ಒಮ್ಮೊಮ್ಮೆ ಸವಣೂರಿನ ತನಕ.

ಹಿಂದಿನ ಟೈರ್ ತೆಗೆದು ಹಾಕುವ ಪೂರ್ತಿ ಕೇಜ್‌ವೀಲ್ ನನ್ನದು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗ ಅದನ್ನು ಬಿಚ್ಚುತ್ತಿರಲಿಲ್ಲ. 'ತಾಸುಗಟ್ಟಲೆ ಯಾಕ ಹಾಳು ಮಾಡ್ಲಿ' ಅಂತ ಹಾಗೇ ಡಾಂಬರಿಗೆ ಇಳಿಸುತ್ತಿದ್ದೆ. ಮೂರನೇ ಮಳೆಗಾಲಕ್ಕೆ ಸೊಂಟ ಹಿಡಿಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಮಗಳು ಕೈ ಕೊಡಬೇಕಾಯಿತು.

ದಿನವಿಡೀ ರಾಡಿಯಲ್ಲಿ ತಿರುಗಿದರೂ ಬಾರದ ನೋವು ಹತ್ತು ನಿಮಿಷದ ರಸ್ತೆಯಲ್ಲಿ ಬರುತ್ತಿತ್ತು. ಗಾಲಿ ಅದೇ, ಸೀಟೂ ಅದೇ. ಬದಲಾದದ್ದು ನೆಲ ಮಾತ್ರ.

ಚೆಂಡನ್ನು ಸಗಣಿ ಗುಪ್ಪೆಗೆ ಎಸೆಯಿರಿ, ಪುಟಿಯುವುದಿಲ್ಲ. ಗದ್ದೆಯಲ್ಲೂ ಹಾಗೆಯೇ. ಕಬ್ಬಿಣದ ಪಟ್ಟಿ ಕೆಸರಿನಲ್ಲಿ ಹೂಳುತ್ತದೆ, ಏಟಿನ ಬಹುಪಾಲನ್ನು ಮಣ್ಣೇ ನುಂಗುತ್ತದೆ. ಡಾಂಬರು ಕುಸಿಯುವುದಿಲ್ಲ, ಕಬ್ಬಿಣ ಬಾಗುವುದಿಲ್ಲ. ನಡುವೆ ಕುಸಿಯಬೇಕಾದದ್ದು ನಮ್ಮ ಬೆನ್ನು!

ನಾನೇ ಒಂದು ಲೆಕ್ಕ ಹಾಕಿದೆ. ನನ್ನ ಗಾಲಿ 4 ಅಡಿ ಎತ್ತರ, ಅದಕ್ಕೆ 16 ಪಟ್ಟಿ. ಅಂದರೆ ಒಂಬತ್ತೂವರೆ ಇಂಚಿಗೊಂದು ಏಟು. ಗಂಟೆಗೆ 5 ಕಿ.ಮೀ. ಹೋದರೆ ಸೆಕೆಂಡಿಗೆ ಸುಮಾರು 6 ಏಟು. ಕುಳಿತ ಮನುಷ್ಯನ ಬೆನ್ನು ಅತಿ ಹೆಚ್ಚು ಅದುರುವುದು ಸೆಕೆಂಡಿಗೆ 4ರಿಂದ 6 ಸಲದ ಕುಲುಕಿಗೇ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದಂತೆ, ಪ್ರತಿ ಏಟೂ ಹಿಂದಿನದಕ್ಕೆ ಸೇರಿಕೊಳ್ಳುತ್ತದೆ. 'ನಿಧಾನ ಹೋಗ್ತೀನಲ್ಲ' ಎಂಬ ನನ್ನ ಸಮಾಧಾನ ಸುಳ್ಳಾಗಿತ್ತು. ಜೋರು ಹೋದರೆ ಏಟಿನ ಬಲವೇ ಹೆಚ್ಚುತ್ತದೆ. ರಸ್ತೆಯಲ್ಲಿ ಈ ಗಾಲಿಗೆ ಸರಿಯಾದ ವೇಗವೆಂಬುದೇ ಇಲ್ಲ.

ಮೆತ್ತನೆಯ ನೆಲ ಯಾವಾಗಲೂ ಕಾಪಾಡುತ್ತದೆ ಎಂದೂ ತಿಳಿಯಬೇಡಿ. ಬೇಸಿಗೆಯಲ್ಲಿ ಹೊಲದ ಒಣ ದಾರಿಗಳಲ್ಲಿ ಅಡ್ಡಡ್ಡ ಅಲೆ ಏಳುವುದನ್ನು ನೋಡಿದ್ದೀರಿ. ಟಾಬರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ವಿಜ್ಞಾನಿಗಳು 2007ರಲ್ಲಿ ಇದರ ಪರೀಕ್ಷೆ ಪ್ರಕಟಿಸಿದರು. ತಿರುಗುವ ಮರಳಿನ ಹಾಸಿನ ಮೇಲೆ ಗಟ್ಟಿ ಗಾಲಿ ಉರುಳಿಸಿದರು. ಒಂದು ಮಿತಿಯ ವೇಗದ ಕೆಳಗೆ ಮರಳು ಸಪಾಟಾಗಿಯೇ ಉಳಿಯಿತು. ಮಿತಿ ದಾಟಿದರೆ ಸ್ಪ್ರಿಂಗು ಇಲ್ಲದ ಗಾಲಿಯೂ ಅಲೆ ಎಬ್ಬಿಸಿತು. ಅಪ್ಪನ ಚಕ್ಕಡಿಯ ಕಬ್ಬಿಣದ ಹಳಿ ಜಾಡು ಬೀಳಿಸುತ್ತಿತ್ತು, ಅಲೆ ಎಬ್ಬಿಸುತ್ತಿರಲಿಲ್ಲ. ಎತ್ತಿನ ನಡಿಗೆಯ ವೇಗವೇ ಅಷ್ಟು. ಅಲೆ ಎಬ್ಬಿಸುವವರು ಟ್ರೇಲರ್ ಕಟ್ಟಿಕೊಂಡು ಓಡುವ ನಾವೇ. ಮರುದಿನ ಅದರ ಮೇಲೆ ಕುಲುಕುವವರೂ ನಾವೇ.

ಈಗ ನಾನು ಮಾಡುತ್ತಿರುವುದಿಷ್ಟು. ಒತ್ತೊತ್ತಿನ ಗದ್ದೆಗಳ ಕೆಲಸ ಒಟ್ಟಿಗೇ ಹಿಡಿಯುತ್ತೇನೆ. ಟೈರ್ ಗದ್ದೆಯ ಬದಿಗೇ ತಂದಿಟ್ಟುಕೊಂಡು, ಡಾಂಬರಿಗೆ ಹತ್ತುವ ಮೊದಲು ಗಾಲಿ ಬದಲಿಸುತ್ತೇನೆ. ಕಬ್ಬಿಣದ ಗಾಲಿ ರಸ್ತೆಗಿಳಿಸುವುದು ಹೇಗೂ ಕಾನೂನಿಗೆ ವಿರುದ್ಧ, ರಸ್ತೆಯೂ ಕಿತ್ತು ಹೋಗುತ್ತದೆ. ಮಣ್ಣಿನ ದಾರಿಯಲ್ಲಿ ವೇಗ ಇಳಿಸುತ್ತೇನೆ.

ಹಂಗಾಮಿಗೆ ನಾಲ್ಕೈದು ಬಾಡಿಗೆ ಕೈತಪ್ಪುತ್ತವೆ, ನಿಜ. 'ಏನಪಾ, ಅಷ್ಟಕ್ಕ ಗಾಲಿ ಬಿಚ್ಚತೀಯಲ್ಲ' ಅಂತ ನಗುವವರೂ ಇದ್ದಾರೆ. ನಗಲಿ. ಬೆಳಿಗ್ಗೆ ಯಾರ ಕೈಯೂ ಹಿಡಿಯದೆ ನಾನು ಏಳುತ್ತಿದ್ದೇನೆ.